ಊರಿಗೆಲ್ಲ ಒಂದೇ ಹೋರಿ: ನಮ್ಮ ಮಲೆನಾಡು ಗಿಡ್ಡಕ್ಕೆ ಬೇರೆ ರಕ್ತ ಎಲ್ಲಿಂದ ತರುವುದು?

ಬೇಣದ_ಹುಲ್ಲು

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ತಿನ್ನುತ್ತಿರುವ ವಿಷಯ. ಗೊತ್ತಿರುವವರು ದಾರಿ ಹೇಳಿ.

ನಮ್ಮದು ಹೊಸನಗರ ತಾಲ್ಲೂಕಿನ ಸಣ್ಣ ಊರು. ಹನ್ನೊಂದು ಮನೆ. ಊರ ದನ, ಅಂದರೆ ಮಲೆನಾಡು ಗಿಡ್ಡ ಅನ್ನುವ ಕುಳ್ಳ ತಳಿ, ಹಾಲು ಕೊಡುವುದು, ಗಬ್ಬದ್ದು, ಬೆದೆಗೆ ಬಂದ ಕಡಸು ಎಲ್ಲ ಸೇರಿ 38 ಇವೆ. ಮನೆಮನೆಗೆ ಹೋಗಿ ಎಣಿಸಿಯೇ ಹೇಳುತ್ತಿದ್ದೇನೆ. ಆದರೆ ಹೋರಿ ಅಂತ ಉಳಿದಿರುವುದು ಒಂದೇ ಒಂದು. ದೊಡ್ಡಪ್ಪನ ಮನೆಯ ಕರಿಯ. ಏಳು ವರ್ಷದಿಂದ ಊರಿಗೆಲ್ಲ ಅವನೇ.

ಹೋದ ತಿಂಗಳು ನಮ್ಮ ಗೌರಿ ಕರು ಹಾಕಿದಳು. ಗೌರಿ ಕರಿಯನದೇ ಮಗಳು. ಹೊಟ್ಟೆಯಲ್ಲಿದ್ದದ್ದೂ ಕರಿಯನ ಕರುವೇ. ನಮ್ಮ ಗಿಡ್ಡದ ಕರು ಬಿದ್ದ ಸ್ವಲ್ಪ ಹೊತ್ತಿಗೆ ತಡವರಿಸುತ್ತ ಎದ್ದು ಕೆಚ್ಚಲು ಹುಡುಕುತ್ತದೆ, ಅಲ್ವಾ? ಇದು ನಾಲ್ಕು ಗಂಟೆ ಕಳೆದರೂ ಏಳಲಿಲ್ಲ. ಮುಂಗಾಲು ಎರಡೂ ಗೊರಸಿನ ಹತ್ತಿರ ಹಿಂದಕ್ಕೆ ಮಡಚಿದ್ದವು. ಕೈಯಲ್ಲಿ ಎತ್ತಿದರೆ ಭಾರವೇ ಇಲ್ಲ. ಗಿಣ್ಣುಹಾಲನ್ನು ಬಾಟಲಿಯಲ್ಲಿ ಕುಡಿಸಿದೆವು. ಮೂರನೇ ದಿನ ಬೆಳಗ್ಗೆ ಹೋಗಿ ನೋಡಿದರೆ ಸತ್ತಿತ್ತು. ಗೌರಿ ಅದನ್ನು ನೆಕ್ಕುತ್ತಲೇ ಇದ್ದಳು.

ಆಮೇಲೆ ನಾನು ಬೇರೆ ಕೊಟ್ಟಿಗೆಗಳನ್ನೂ ಕಣ್ಣಿಟ್ಟು ನೋಡಿದೆ. ಕರಿಯನಿಗೆ ಎಡಗಿವಿಯ ಬುಡದಲ್ಲಿ ಒಂದು ಬಿಳಿ ಬೊಟ್ಟಿದೆ. ಊರಿನ ಒಂಬತ್ತು ಕಡಸುಗಳಿಗೆ ಅದೇ ಜಾಗದಲ್ಲಿ ಅದೇ ಬೊಟ್ಟು. ಇವನ್ನೆಲ್ಲ ಮತ್ತೆ ಕರಿಯನಿಗೇ ಬಿಡುತ್ತಿದ್ದೇವೆ.

ಕರು ಸತ್ತದ್ದು ಇದರಿಂದಲೇನಾ? ಬೇರೆ ಹೋರಿ ಎಲ್ಲಿ ಸಿಗುತ್ತದೆ? ಜೆರ್ಸಿ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿ ಅಂತ ಹೇಳಬೇಡಿ. ಅದು ಬೇಕಿದ್ದರೆ ಇಲ್ಲಿ ಕೇಳುತ್ತಿರಲಿಲ್ಲ.

---

ಆಗುಂಬೆ_ಮಳೆ

ನಮ್ಮೂರಲ್ಲಿ ಆ ಒಂದೂ ಇಲ್ಲ. ನೀವೇ ವಾಸಿ.

---

ಶಿರಸಿ_ಸೊಪ್ಪಿನಬೆಟ್ಟ

ಇಷ್ಟು ಹೆದರಬೇಡಿ ಮಾರಾಯ್ರೇ. ಊರ ದನ ಕಾಡಿಗೆ ಮೇಯಲು ಹೋಗುತ್ತದೆ. ಅಲ್ಲಿ ಪಕ್ಕದ ಊರಿನ ಹೋರಿ ಸೇರಿಯೇ ಸೇರುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಯಾರೂ ಇದನ್ನೆಲ್ಲ ಲೆಕ್ಕ ಇಟ್ಟಿರಲಿಲ್ಲ. ದನ ಗಟ್ಟಿಯಾಗಿಯೇ ಇದ್ದವು. ಪ್ರಕೃತಿ ನೋಡಿಕೊಳ್ಳುತ್ತದೆ.

---

ಬೇಣದ_ಹುಲ್ಲು

@ಶಿರಸಿ_ಸೊಪ್ಪಿನಬೆಟ್ಟ ಅಣ್ಣ, ಅಜ್ಜನ ಕಾಲದ ಕಾಡು ಈಗ ಎಲ್ಲಿದೆ? ನಮ್ಮ ಗುಡ್ಡದ ಒಂದು ಕಡೆ ಅಕೇಶಿಯಾ ನೆಟ್ಟು ಕಂದಕ ತೋಡಿದ್ದಾರೆ. ಇನ್ನೊಂದು ಕಡೆ ಹೊಸ ಅಡಿಕೆ ತೋಟಕ್ಕೆ ಐದು ಸುತ್ತು ತಂತಿ ಬೇಲಿ. ದನ ಬೆಳಗ್ಗೆ ಹೋಗಿ ಸಂಜೆ ಬರುವ ಜಾಗ ಒಂದೇ ಹುಲ್ಲಿನ ಬೇಣ. ಅಲ್ಲಿಗೆ ಬರುವ ಹೋರಿ ಕರಿಯ ಒಬ್ಬನೇ. ಪಕ್ಕದ ಊರಲ್ಲಿ ಹೋರಿ ಇದ್ದರಲ್ಲವೇ ಸೇರುವುದು!

---

ಡಾಕ್ಟರ್_ನಿವೃತ್ತ

ಮೂವತ್ತೊಂದು ವರ್ಷ ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದೆ. ಹೆಚ್ಚಿನ ಕಾಲ ಮಲೆನಾಡಿನಲ್ಲೇ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕರುವಿನ ವಿಷಯ. ಒಂದು ಕರು ಸತ್ತದ್ದನ್ನು ನೋಡಿ ಕಾರಣ ಇದೇ ಅಂತ ಹೇಳಲು ಬರುವುದಿಲ್ಲ. ಗೊರಸು ಮಡಚಿರುವುದು ಗರ್ಭದಲ್ಲಿ ಮಲಗಿದ ರೀತಿಯಿಂದಲೂ ಆಗಬಹುದು, ತಾಯಿಗೆ ಖನಿಜದ ಕೊರತೆ ಇದ್ದರೂ ಆಗಬಹುದು. ಆದರೆ ಅಪ್ಪ-ಮಗಳು ಸೇರಿ ಹುಟ್ಟಿದ ಕರುವಿನಲ್ಲಿ ಒಳಸಂತಾನದ ಪ್ರಮಾಣ ನೂರಕ್ಕೆ 25. ಅಂದರೆ ಯಾವುದೇ ಒಂದು ವಂಶವಾಹಿಯ ಎರಡು ಪ್ರತಿಗಳೂ ಒಬ್ಬನೇ ಹಿರಿಯನ ಅದೇ ಒಂದು ಪ್ರತಿಯ ನಕಲಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪ್ರತಿ ದನದಲ್ಲೂ ಒಂದೆರಡು ಕೆಟ್ಟ ವಂಶವಾಹಿ ಸುಮ್ನೆ ಅಡಗಿರುತ್ತವೆ. ಜೋಡಿಯ ಇನ್ನೊಂದು ಪ್ರತಿ ಚೆನ್ನಾಗಿದ್ದರೆ ತೊಂದರೆ ಕಾಣಿಸುವುದಿಲ್ಲ. ಎರಡೂ ಕಡೆಯಿಂದ ಅದೇ ಕೆಟ್ಟದ್ದು ಬಂದಾಗ ಕಾಣಿಸುತ್ತದೆ. ಕರು ಸಣ್ಣದಾಗುವುದು, ಗಬ್ಬ ನಿಲ್ಲದಿರುವುದು, ಸಣ್ಣ ಜ್ವರಕ್ಕೂ ಬಿದ್ದುಹೋಗುವುದು ಹೀಗೆ.

ಈಗ ನಿಮ್ಮ ಊರಿನ ಲೆಕ್ಕ. 38 ಹೆಣ್ಣು ಇವೆ ಅಂತ ಧೈರ್ಯ ಅನ್ನಿಸಬಹುದು. ತಳಿ ಶಾಸ್ತ್ರದಲ್ಲಿ ತಲೆ ಎಣಿಸುವುದಿಲ್ಲ. ಹೆಣ್ಣಿನ ಸಂಖ್ಯೆಯನ್ನು ಗಂಡಿನ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸುತ್ತೇವೆ. 4 × 1 × 38 ಅಂದರೆ 152. ಅದನ್ನು 39ರಿಂದ ಭಾಗಿಸಿ. ಬರುವುದು 3.9. ಅಂದರೆ ತಳಿಯ ದೃಷ್ಟಿಯಲ್ಲಿ ನಿಮ್ಮ ಊರಲ್ಲಿ ಇರುವುದು ನಾಲ್ಕೇ ದನ!

ಇನ್ನೂ ನೂರು ಹಸು ತಂದು ಕಟ್ಟಿದರೂ ಅದು ನಾಲ್ಕನ್ನು ದಾಟುವುದಿಲ್ಲ. ಹಾಕಿ ನೋಡಿ. ಅದೇ 38 ಹಸುವಿಗೆ ಐದು ಹೋರಿ ಇದ್ದರೆ 17.7 ಆಗುತ್ತದೆ. ಒಳಸಂತಾನ ತಲೆಮಾರಿಗೆ ನೂರಕ್ಕೆ ಒಂದಕ್ಕಿಂತ ಜಾಸ್ತಿ ಏರಬಾರದು ಎಂದರೆ ಈ ಸಂಖ್ಯೆ 50 ಆದರೂ ಇರಬೇಕು. ನಿಮ್ಮಲ್ಲಿ ತಲೆಮಾರಿಗೆ ಸುಮಾರು 13 ಏರುತ್ತಿದೆ.

ಊರ ದನ ಉಳಿಸಿ ಅಂತ ಎಲ್ಲರೂ ಹಸು ಕೊಳ್ಳುತ್ತಾರೆ. ಹೋರಿ ಸಾಕುವವರನ್ನು ನಾನು ನನ್ನ ಕೊನೆಯ ಹತ್ತು ವರ್ಷದ ಸರ್ವಿಸಿನಲ್ಲಿ ಬೆರಳೆಣಿಕೆಯಷ್ಟು ಕಂಡೆ.

---

ಕೊಪ್ಪದ_ಹುಡುಗ

ಡಾಕ್ಟ್ರೇ, ನೂರು ಹಸು ಸೇರಿಸಿದರೂ ನಾಲ್ಕೇ ಅಂದಿರಲ್ಲ, ನಂಬಿಕೆ ಬರದೆ ಮೊಬೈಲಲ್ಲಿ ಲೆಕ್ಕ ಹಾಕಿದೆ. 138 ಹಸು, ಒಂದು ಹೋರಿ. 3.97. ಎದೆ ಝಲ್ ಅಂದಿತು.

---

ಕರಾವಳಿ_ಅಕ್ಕ

ಕುಂದಾಪುರದ ಕಡೆಯವಳು ನಾನು. ಹೋರಿ ಯಾಕೆ ಇಲ್ಲ ಅನ್ನುವುದನ್ನು ಹೆಂಗಸರ ಹತ್ತಿರ ಕೇಳಬೇಕು. ಕೊಟ್ಟಿಗೆ ಕೆಲಸ ಮಾಡುವವರು ನಾವು.

ಮೊದಲು ಗದ್ದೆ ಇತ್ತು. ಗಂಡು ಕರು ಹುಟ್ಟಿದರೆ ಖುಷಿ. ಎರಡು ವರ್ಷಕ್ಕೆ ಹೂಟಿಗೆ ಬರುತ್ತದೆ ಅಂತ. ಬೀಜ ಒಡೆಸುವ ಮೊದಲೇ ಅದು ನಾಲ್ಕಾರು ಹಸುವನ್ನು ಹಾರಿರುತ್ತಿತ್ತು. ಹಾಗಾಗಿ ಊರಲ್ಲಿ ಯಾವಾಗಲೂ ಏಳೆಂಟು ಎಳೆ ಹೋರಿ ಇದ್ದೇ ಇರುತ್ತಿದ್ದವು. ಯಾರೂ ತಳಿ ಉಳಿಸಬೇಕು ಅಂತ ಸಾಕಿದ್ದಲ್ಲ. ಟಿಲ್ಲರ್ ಬಂತು, ಎತ್ತು ಹೋಯಿತು. ಎತ್ತಿನ ಜತೆ ಹೋರಿಯೂ ಹೋಯಿತು.

ಈಗ ಗಂಡು ಕರು ಹುಟ್ಟಿದರೆ ಮನೆಯಲ್ಲಿ ಎಲ್ಲರ ಮುಖ ಸಣ್ಣದಾಗುತ್ತದೆ. ಹಾಲು ಬಿಡುವಾಗ ಹೆಣ್ಣು ಕರುವಿಗೆ ಒಂದು ಮೊಲೆ ಜಾಸ್ತಿ, ಗಂಡಿಗೆ ಕಡಿಮೆ. ನಾನೂ ಹಾಗೆ ಮಾಡಿದ್ದೇನೆ, ಈಗ ನೆನೆದರೆ ಬೇಜಾರಾಗುತ್ತದೆ. ದೊಡ್ಡದಾದ ಮೇಲೆ ಬೇಲಿ ಹಾರುತ್ತದೆ. ನೆರೆಮನೆಯ ಅಡಿಕೆ ಸಸಿ ಮುರಿಯುತ್ತದೆ. ಜಗಳ. ಕಟ್ಟಿ ಹಾಕಿದರೆ ಹುಲ್ಲು ತಂದು ಹಾಕಬೇಕು, ಹಾಲಂತೂ ಇಲ್ಲ. ರಾತ್ರಿ ದನ ಕದಿಯುವವರ ಕಾಟ ಬೇರೆ. ಹೋರಿ ಸಾಕಿ ಅಂತ ಬರೆಯುವುದು ಸುಲಭ. ಅದರ ಹಗ್ಗ ಹಿಡಿಯುವವರು ಯಾರು?

---

ಬೇಣದ_ಹುಲ್ಲು

ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು. ಕರಿಯ ಉಳಿದದ್ದೇ ದೊಡ್ಡಮ್ಮನಿಂದ. ಮಾರಲು ಗಾಡಿ ಬಂದಾಗ ಅವರು ಕೊಟ್ಟಿಗೆ ಬಾಗಿಲಲ್ಲಿ ಕೂತುಬಿಟ್ಟರಂತೆ.

---

ನಗರವಾಸಿ_29

ಕ್ಷಮಿಸಿ, ಒಂದು ನೇರ ಪ್ರಶ್ನೆ. ದಿನಕ್ಕೆ ಒಂದೆರಡು ಲೀಟರ್ ಕೊಡುವ ದನಕ್ಕೆ ಇಷ್ಟೆಲ್ಲ ಯಾಕೆ? ಗಿರ್ ತಂದರೆ ಅದೂ ದೇಸಿಯೇ ಅಲ್ವಾ? ಹಾಲೂ ಜಾಸ್ತಿ.

---

ಆಗುಂಬೆ_ಮಳೆ

ಗಿರ್ ತಂದು ನಮ್ಮೂರ ಜುಲೈ ತಿಂಗಳಲ್ಲಿ ಒಂದು ವಾರ ಕಟ್ಟಿ ನೋಡಿ ಸ್ವಾಮಿ.

---

ಕೊಪ್ಪದ_ಹುಡುಗ

@ನಗರವಾಸಿ_29 ನಾವು ಗಿರ್ ತಂದಿದ್ದೆವು. ಅದಕ್ಕೇ ಹೇಳುತ್ತೇನೆ. ಗಿರ್ ಗುಜರಾತಿನ ಒಣ ಸೀಮೆಯ ದನ. ಒಳ್ಳೆಯ ತಳಿ, ತಪ್ಪು ಹೇಳುತ್ತಿಲ್ಲ. ನಮ್ಮಲ್ಲಿ ಮಳೆಗಾಲ ಪೂರ್ತಿ ಗೊರಸು ಕೊಳೆತು ಕುಂಟಿತು. ಅದಕ್ಕೆ ಹಿಂಡಿ, ಜೋಳದ ನುಚ್ಚು, ಕತ್ತರಿಸಿದ ಹಸಿ ಹುಲ್ಲು. ಹಾಲಿನ ದುಡ್ಡು ಅದರ ಬಾಯಿಗೇ ಹೋಯಿತು.

ಪಕ್ಕದಲ್ಲೇ ನಮ್ಮ ಅಮ್ಮನ ಚುಕ್ಕಿ. ನನ್ನ ಸೊಂಟದೆತ್ತರವೂ ಇಲ್ಲ. ಬೆಳಗ್ಗೆ ಒಂದು ಬಕೆಟ್ ಅಕ್ಕಚ್ಚು ಕುಡಿದು ಗುಡ್ಡ ಹತ್ತುತ್ತಾಳೆ. ಜಾರುವ ಜಂಬಿಟ್ಟಿಗೆ ಕಲ್ಲಿನ ಮೇಲೆ ಆಡಿನ ಹಾಗೆ ನಡೆಯುತ್ತಾಳೆ. ಒಂದು ಸಲ ಗಬ್ಬದಲ್ಲಿ ಮೇಯಲು ಹೋದವಳು ಬರಿ ಹೊಟ್ಟೆಯಲ್ಲಿ ವಾಪಸ್ ಬಂದಳು. ಕರು ಎಲ್ಲಿ ಅಂತ ಎರಡು ದಿನ ಹುಡುಕಿದೆವು. ಮೂರನೇ ದಿನ ಅವಳ ಹಿಂದೆಯೇ ಮೆಲ್ಲಗೆ ಹೋದರೆ ಒಂದು ಮತ್ತಿಮರದ ಹಿಂದಿನ ಪೊದೆಗೆ ಹೋದಳು. ಕರು ಅಲ್ಲಿ ಎಲೆ ಮಧ್ಯೆ ಅಲ್ಲಾಡದೆ ಮಲಗಿತ್ತು. ಚಿರತೆ ಓಡಾಡುವ ಗುಡ್ಡ ಅದು. ಈ ಬುದ್ಧಿಯನ್ನು ಯಾರು ಕಲಿಸಿದರು ಅದಕ್ಕೆ?

ಇನ್ನೊಂದು. ನಮಗೆ ದನ ಅಂದರೆ ಹಾಲಿಗಿಂತ ಗೊಬ್ಬರ. ಸೊಪ್ಪು, ದರಕು (ಒಣ ಎಲೆ) ಹಾಸಿ ತುಳಿಸಿದ ಕೊಟ್ಟಿಗೆ ಗೊಬ್ಬರ ಇಲ್ಲದೆ ಅಡಿಕೆ ತೋಟ ಇಲ್ಲ.

---

ನಗರವಾಸಿ_29

ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್. ಎ2 ಅನ್ನುವ ಪ್ರೋಟೀನ್ ಇರುವ ಹಾಲು ಅಂತಲೇ ಊರ ದನ ಉಳಿಸುತ್ತಾರೆ ಅಂದುಕೊಂಡಿದ್ದೆ.

---

ಕಪಿಲೆ_ಮನೆ

ಎ2 ಕೂಡ ದೊಡ್ಡ ಕಾರಣವೇ. ದೇಸಿ ದನ ಅಂದರೆ ನೂರಕ್ಕೆ ನೂರು ಎ2. ಮಲೆನಾಡು ಗಿಡ್ಡದ ಹಾಲು ಅಮೃತ. ಅದಕ್ಕೇ ನಾನು ಶುದ್ಧ ಕಪಿಲೆ ಬಣ್ಣದ್ದು ಮಾತ್ರ ಸಾಕುತ್ತೇನೆ. ಈಗ ಹದಿನಾರು ಇವೆ. ಮಚ್ಚೆ ಇರುವುದು, ಕಪ್ಪು ಬಿಳಿ ಬೆರೆತದ್ದು ಹುಟ್ಟಿದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ. ತಳಿ ಶುದ್ಧವಾಗಿರಬೇಕು. ಹೋರಿಯೂ ನನ್ನದೇ ಮನೆಯಲ್ಲಿ ಹುಟ್ಟಿದ ಕಪಿಲೆ ಹೋರಿ.

---

ತಳಿ_ವಿದ್ಯಾರ್ಥಿ

ಪಶುವೈದ್ಯಕೀಯ ಓದುತ್ತಿದ್ದೇನೆ. ಎರಡು ತಿದ್ದುಪಡಿ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ದೇಶದ ಹಿಣಿಲು ಇರುವ ದನಗಳಲ್ಲಿ ಎ2 ರೂಪವೇ ಬಹುಪಾಲು. ಆದರೆ ನೂರಕ್ಕೆ ನೂರು ಅಲ್ಲ. ಹಲವು ತಳಿಗಳ ಪರೀಕ್ಷೆ ಮಾಡಿದಾಗ ಎ1 ಅನ್ನುವ ಆ ಪ್ರೋಟೀನಿನ ಇನ್ನೊಂದು ರೂಪವನ್ನೂ ಹೊತ್ತ ಕೆಲವು ದನ ನಮ್ಮ ಮಲೆನಾಡು ಗಿಡ್ಡದಲ್ಲೂ ಸಿಕ್ಕಿವೆ. ಇದರಿಂದ ತಳಿಯ ಬೆಲೆ ಏನೂ ಕಡಿಮೆ ಆಗುವುದಿಲ್ಲ. ಎ2 ಅನ್ನುವ ಒಂದೇ ಕಂಬಕ್ಕೆ ತಳಿಯನ್ನು ಕಟ್ಟಬೇಡಿ ಅಂತ ಹೇಳುತ್ತಿದ್ದೇನೆ. ನಾಳೆ ಆ ಮಾತು ಬಿದ್ದರೆ ದನವೂ ಬೀಳುತ್ತದೆ.

ಎರಡನೆಯದು ಬಣ್ಣ. ಮಲೆನಾಡು ಗಿಡ್ಡಕ್ಕೆ ಒಂದೇ ಬಣ್ಣ ಅಂತ ಇಲ್ಲ. ಕಪ್ಪು, ಕಂದು, ಬೂದು, ಬಿಳಿ, ಮಚ್ಚೆ ಎಲ್ಲವೂ ಇದರವೇ. ಹದಿನಾರು ದನದಲ್ಲಿ ಬಣ್ಣ ನೋಡಿ ಅರ್ಧ ಹೊರಗೆ ಕಳಿಸಿದರೆ, ಆ ಬಣ್ಣದ ಜತೆ ಇನ್ನೂ ಸಾವಿರ ಗುಣ ಹೊರಗೆ ಹೋಗುತ್ತವೆ. ಯಾವುದು ಉಣುಗು ತಡೆಯುತ್ತಿತ್ತು, ಯಾವುದು ಬೇಸಿಗೆಯಲ್ಲಿ ಒಣ ಎಲೆ ತಿಂದು ಬದುಕುತ್ತಿತ್ತು, ಹೊರಗಿನಿಂದ ಕಾಣುವುದಿಲ್ಲ.

---

ಕಪಿಲೆ_ಮನೆ

ಓದಿದವರು ಹೀಗೆ ಹೇಳುತ್ತೀರಿ. ಹಿಂದೆ ಜೆರ್ಸಿ, ಎಚ್‌ಎಫ್ ಅಂಥ ವಿದೇಶಿ ತಳಿ ಹಾಕಿಸಿ ಅಂತ ಮನೆಮನೆಗೆ ಬಂದವರೂ ಓದಿದವರೇ. ಊರ ಹೋರಿಗಳಿಗೆ ಕ್ಯಾಂಪ್ ಮಾಡಿ ಇಕ್ಕಳ ಹಾಕಿ ಬೀಜ ಒಡೆದವರೂ ಅವರೇ. ಆಗ ಊರ ದನಕ್ಕೆ ಹೆಸರೂ ಇರಲಿಲ್ಲ, ಕಾಗದದಲ್ಲಿ ‘ತಳಿ ಗುರುತಿಲ್ಲದ್ದು’ ಅಂತ ಬರೆಯುತ್ತಿದ್ದರು. ಕಪಿಲೆ ಉಳಿದದ್ದು ನಮ್ಮಂಥವರ ಭಕ್ತಿಯಿಂದ.

---

ಡಾಕ್ಟರ್_ನಿವೃತ್ತ

@ಕಪಿಲೆ_ಮನೆ ಆ ಮಾತನ್ನು ಒಪ್ಪುತ್ತೇನೆ. ಆ ಕ್ಯಾಂಪ್‌ಗಳಲ್ಲಿ ಇಕ್ಕಳ ಹಿಡಿದವರಲ್ಲಿ ನಾನೂ ಒಬ್ಬ. ಆಗ ಹಾಲು ಹೆಚ್ಚಿಸುವುದೊಂದೇ ಕಣ್ಣ ಮುಂದಿತ್ತು. ಈಗ ಕರ್ನಾಲ್‌ನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೋ ಮಲೆನಾಡು ಗಿಡ್ಡವನ್ನು ಬೇರೆಯೇ ತಳಿ ಅಂತ ನೋಂದಾಯಿಸಿದೆ. ಆದರೂ ಕಿವಿಗೆ ಗುರುತಿನ ಹಳದಿ ಓಲೆ ಹಾಕುವಾಗ ಎಷ್ಟೋ ಕಡೆ ಹಳೆಯ ಅಭ್ಯಾಸದಂತೆ ‘ಗುರುತಿಲ್ಲದ್ದು’ ಅಂತಲೇ ಬರೆದುಬಿಡುತ್ತಾರೆ. ಓಲೆ ಹಾಕುವಾಗ ಪಕ್ಕದಲ್ಲಿ ನಿಂತು ಮಲೆನಾಡು ಗಿಡ್ಡ ಅಂತ ಬರೆಸಿ. ಗಣತಿಯಲ್ಲಿ ಕಾಣದ ದನಕ್ಕೆ ಯೋಜನೆ ಬರುವುದಿಲ್ಲ.

ಆದರೆ ನಿಮ್ಮ ಹದಿನಾರು ಹಸು, ಮನೆಯಲ್ಲೇ ಹುಟ್ಟಿದ ಹೋರಿ, ಇದು ಬೇಣದ_ಹುಲ್ಲು ಅವರಿಗಿಂತ ಜಾಸ್ತಿ ಅಪಾಯದಲ್ಲಿದೆ. ಭಕ್ತಿ ಇದೆ ಅಂತಲೇ ಕೇಳುತ್ತಿದ್ದೇನೆ, ಹೊರಗಿನ ಕಪಿಲೆ ಹೋರಿಯನ್ನಾದರೂ ತನ್ನಿ.

---

ಕಾವಲು_ಕಡೆಯವ

ಅಜ್ಜಂಪುರದ ಕಡೆಯವನು. ಸ್ವಲ್ಪ ದಾರಿ ತಪ್ಪಿಸುತ್ತೇನೆ, ಆದರೆ ವಿಷಯ ಇದೇ.

ಅಮೃತ ಮಹಲ್ ದನದ ಕಥೆ ಎಲ್ಲರಿಗೂ ಗೊತ್ತು. ಮೈಸೂರಿನ ಒಡೆಯರ ಕಾಲದ ಬೆಣ್ಣೆ ಚಾವಡಿ, ಅಂದರೆ ಅರಮನೆಯ ದನಗಳ ಇಲಾಖೆ. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಸೈನ್ಯದ ಸಾಮಾನು, ಫಿರಂಗಿ ಎಳೆಯುವುದಕ್ಕೆ ಈ ಎತ್ತು. ಅದಕ್ಕಾಗಿ ಊರೂರಲ್ಲಿ ಕಾವಲು, ಅಂದರೆ ಮೇಯುವ ಹುಲ್ಲುಗಾವಲು ಬಿಟ್ಟಿದ್ದರು. ಇಷ್ಟು ಹೆಸರಿದ್ದ ಹಿಂಡನ್ನೂ 1860ರಲ್ಲಿ ಬ್ರಿಟಿಷರು ಖರ್ಚು ಜಾಸ್ತಿ ಅಂತ ಮಾರಿಹಾಕಿದರು. ಆರೇ ವರ್ಷಕ್ಕೆ ಎತ್ತು ಸಿಗದೆ 1866ರಲ್ಲಿ ಮತ್ತೆ ಹುಡುಕಿ ಹಿಂಡು ಕಟ್ಟಿದರು. ಅಂದರೆ ನಾವು ಇವತ್ತು ನೋಡುವ ಅಮೃತ ಮಹಲ್ ಒಂದು ಸಲ ಆ ಸಣ್ಣ ಕಿಂಡಿಯಲ್ಲಿ ತೂರಿ ಬಂದದ್ದು. ಆಗ ಕಳೆದುಹೋದದ್ದು ಏನೇನು ಅಂತ ಯಾರೂ ಹೇಳಲಾರರು.

1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಶುರುವಾಯಿತು. ಅಲ್ಲಿ ಹೋರಿ ಕರುಗಳ ಹರಾಜು ನಡೆಯುತ್ತದೆ. ಒಮ್ಮೆ ಬನ್ನಿ. ಹಾವೇರಿ, ದಾವಣಗೆರೆ ಕಡೆಯಿಂದೆಲ್ಲ ರೈತರು ಬಂದು ಜೋಡಿಗಾಗಿ ಪೈಪೋಟಿ ಮಾಡುತ್ತಾರೆ. ಬಿಲ್ಲಿನ ಹಾಗೆ ಹಿಂದೆ ಬಾಗಿದ ಕೊಂಬು, ಮೈ ಮುಟ್ಟಿದರೆ ಚರ್ಮ ನಡುಗುತ್ತದೆ. ಗಂಡು ಕರುವಿಗೆ ಬೆಲೆ ಇರುವ ಕಡೆ ಹೋರಿ ಉಳಿಯುತ್ತದೆ. ಕರಾವಳಿ ಅಕ್ಕ ಹೇಳಿದ್ದು ಸರಿ, ನಿಮ್ಮ ಗಿಡ್ಡದ ಗಂಡಿಗೆ ಬೆಲೆ ಇಲ್ಲ.

ಆದರೆ ನಮ್ಮಲ್ಲಿ ಹೋರಿ ಇದೆ, ಕಾವಲು ಕರಗುತ್ತಿದೆ. ಚಳ್ಳಕೆರೆಯ ಕುದಾಪುರದ ಕಡೆ ಸಾವಿರಾರು ಎಕರೆ ಅಮೃತ ಮಹಲ್ ಕಾವಲು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಮೇಯುವ ನೆಲ ಇಲ್ಲದೆ ಆ ದನ ಆ ದನವಾಗಿ ಉಳಿಯುವುದಿಲ್ಲ.

---

ಕೃಷ್ಣಾ_ದಂಡೆ

ನಮ್ಮ ಜಮಖಂಡಿ ಕಡಿ ಕೃಷ್ಣಾ ತೀರದ ತಳಿ ಅಂತ ಇತ್ತು. ಎರಿ ಹೊಲಕ್ಕ ಹೇಳಿ ಮಾಡಿಸಿದ ಎತ್ತು. ಈಗ ಜಾತ್ರ್ಯಾಗ ಹುಡುಕಿದ್ರೂ ಸಿಗೂದು ಕಷ್ಟ. ನೀವು 38 ಇರೂ ಮುಂದ ಎಚ್ಚರ ಆಗೀರಿ. ನಾವು ತಡಾ ಮಾಡಿದ್ವಿ.

---

ಶಿರಸಿ_ಸೊಪ್ಪಿನಬೆಟ್ಟ

ಮೇಲೆ ‘ಪ್ರಕೃತಿ ನೋಡಿಕೊಳ್ಳುತ್ತದೆ’ ಅಂತ ಬರೆದವನು ನಾನೇ. ನಿನ್ನೆ ಸಂಜೆ ನಮ್ಮ ಕೇರಿಯಲ್ಲಿ ಎಣಿಸಿದೆ. ಹಸು 22. ಹೋರಿ ಎರಡು. ಎರಡೂ ಅಣ್ಣತಮ್ಮ. ಡಾಕ್ಟರ್ ಲೆಕ್ಕದಲ್ಲಿ ಅಣ್ಣತಮ್ಮ ಎರಡು ಅಂತ ಬರುತ್ತದೋ ಒಂದು ಅಂತಲೋ?

---

ಡಾಕ್ಟರ್_ನಿವೃತ್ತ

ಎರಡಕ್ಕಿಂತ ಕಡಿಮೆ. ಒಂದೇ ತಾಯಿ-ತಂದೆಯ ಹೋರಿಗಳಾದರೆ ಅರ್ಧದಷ್ಟು ಗುಣ ಹಂಚಿಕೊಂಡಿರುತ್ತವೆ. ಅವುಗಳ ಮಕ್ಕಳು ಬೇರೆ ಅಪ್ಪನ ಮಕ್ಕಳಾದರೂ ರಕ್ತದಲ್ಲಿ ಹತ್ತಿರವೇ.

---

ಕೊಪ್ಪದ_ಹುಡುಗ

ಹೋರಿ ಸಾಕುವುದು ಕಷ್ಟ ಅಂದರೆ ಗಿಡ್ಡದ್ದೇ ಇಂಜೆಕ್ಷನ್ ಹಾಕಿಸಬಹುದಲ್ವಾ? ಈಗ ಹೆಣ್ಣು ಕರುವೇ ಹುಟ್ಟುವ ಇಂಜೆಕ್ಷನ್ನೂ ಬಂದಿದೆಯಂತೆ.

---

ತಳಿ_ವಿದ್ಯಾರ್ಥಿ

ಹಾಕಿಸಬಹುದು, ಒಳ್ಳೆಯದೇ. ಒಂದು ಕಡ್ಡಿಯಲ್ಲಿ ಕಾಲು ಮಿಲಿಲೀಟರ್ ವೀರ್ಯ ಇರುತ್ತದೆ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟರೆ ದಶಕಗಳ ಕಾಲ ಕೆಡುವುದಿಲ್ಲ. ಹೋರಿ ಸತ್ತ ಮೇಲೂ ಅದರ ರಕ್ತ ಉಳಿಸುವ ದಾರಿ ಅದು.

ಆದರೆ ಎರಡು ಎಚ್ಚರ. ಪ್ರತಿ ಕಡ್ಡಿಯ ಮೇಲೆ ಹೋರಿಯ ನಂಬರ್ ಮುದ್ರಿಸಿರುತ್ತಾರೆ. ಅದನ್ನು ಬರೆದಿಡಿ. ಹತ್ತು ಊರಿನವರು ವರ್ಷಗಟ್ಟಲೆ ಅದೇ ನಂಬರ್ ಹಾಕಿಸಿದರೆ ಒಂದೇ ಹೋರಿ ಹತ್ತು ಊರಿಗೆ ಕರಿಯ ಆದ ಹಾಗೆ. ಇನ್ನು ಹೆಣ್ಣು ಕರುವಿನ ಇಂಜೆಕ್ಷನ್ ನೂರರಲ್ಲಿ ತೊಂಬತ್ತು ಸಲ ಹೆಣ್ಣು ಕೊಡುತ್ತದೆ. ಡೈರಿಗೆ ಸರಿ. ನಮಗೆ ಕೊರತೆ ಇರುವುದೇ ಗಂಡು!

ಇನ್ನೊಂದು ತೊಂದರೆ, ಊರ ದನದ ಬೆದೆ ಗುರುತಿಸುವುದು ಕಷ್ಟ. ಎಚ್‌ಎಫ್ ಹಾಗೆ ಕೂಗಿ ರಂಪ ಮಾಡುವುದಿಲ್ಲ. ಕಾಡಿಗೆ ಹೋಗುವ ದನದ ಬೆದೆ ಹೋರಿಗೇ ಗೊತ್ತಾಗಬೇಕು.

---

ಕರಾವಳಿ_ಅಕ್ಕ

ಇದು ನಿಜ. ನಮ್ಮ ಬುಡ್ಡಿ ಬೆದೆಗೆ ಬಂದದ್ದು ಒಂದು ಸಲವೂ ನನಗೆ ಗೊತ್ತಾಗಿಲ್ಲ. ಸಂಜೆ ಸ್ವಲ್ಪ ಹಾಲು ಕಡಿಮೆ ಮಾಡುತ್ತಾಳೆ, ಅಷ್ಟೇ.

---

ನಗರವಾಸಿ_29

ಈಗ ಎಲ್ಲರೂ ಮನೆಯೊಳಗೆ ಸಾಕುವ ಮಿನಿ ಪುಂಗನೂರು ದನದ ವಿಡಿಯೋ ಹಾಕುತ್ತಾರಲ್ಲ, ಗಿಡ್ಡವನ್ನೂ ಹಾಗೆ ಮಾರಿದರೆ ಬೆಲೆ ಬರುವುದಿಲ್ಲವೇ?

---

ಆಗುಂಬೆ_ಮಳೆ

ದಯವಿಟ್ಟು ಬೇಡ. ನಮ್ಮ ಪೇಟೆಯಲ್ಲಿ ಒಬ್ಬರು ಗಿಡ್ಡದ ಕರುವನ್ನೇ ಪುಂಗನೂರು ಅಂತ ಹೇಳಿ ಮಾರಿದ್ದಾರೆ. ಕೊಂಡವರು ಟೈಲ್ಸ್ ಮೇಲೆ ನಿಲ್ಲಿಸಿ ಬಿಸ್ಕೆಟ್ ತಿನ್ನಿಸುತ್ತಿದ್ದಾರೆ. ಅದಕ್ಕೆ ಜೋಡಿ ಇಲ್ಲ, ಕರು ಹಾಕುವುದೂ ಇಲ್ಲ. ತಳಿಗೆ ಅದು ಸತ್ತ ಹಾಗೇ.

---

ನಿರ್ವಾಹಕ

2020ರ ಗೋಹತ್ಯೆ ನಿಷೇಧ ಕಾಯ್ದೆಯ ಬಗ್ಗೆ ಬಂದಿದ್ದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಪಕ್ಷದ ಜಗಳ ಇಲ್ಲಿ ಬೇಡ. ಹೋರಿ ಹುಡುಕಿಕೊಡಿ.

---

ಡಾಕ್ಟರ್_ನಿವೃತ್ತ

ಹಾಗಾದರೆ ಕೆಲಸದ ಮಾತು. ಕೇರಳದ ವೆಚೂರು ತಳಿ ಬಹುತೇಕ ಮುಗಿದೇ ಹೋಗಿತ್ತು. 1989ರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಸೋಸಮ್ಮ ಐಪ್ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತಿ, ಉಳಿದಿದ್ದ ಕೆಲವೇ ದನಗಳನ್ನು ಹುಡುಕಿ ತಳಿ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಸ್ಥಿತಿ ಅಷ್ಟು ಕೆಟ್ಟಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದಲ್ಲಿ ಇನ್ನೂ ಗಿಡ್ಡ ಇದೆ. ಒಂದೊಂದು ಊರಲ್ಲಿ ಒಂದೊಂದು ಹೋರಿ ಸಿಕ್ಕಿಹಾಕಿಕೊಂಡಿದೆ. ಅವು ಓಡಾಡಬೇಕು.

ಮೂರು ನಾಲ್ಕು ಊರು ಸೇರಿ ಒಂದು ಸುತ್ತು ಮಾಡಿ. ಹೊಸನಗರದ ಹೋರಿ ಕೊಪ್ಪಕ್ಕೆ, ಕೊಪ್ಪದ್ದು ಕುಂದಾಪುರಕ್ಕೆ, ಕುಂದಾಪುರದ್ದು ಹೊಸನಗರಕ್ಕೆ. ಯಾರೂ ಕೊಳ್ಳುವುದು ಬೇಡ, ಅದಲು ಬದಲು. ನಮ್ಮ ಕಡಸು ಬೆದೆಗೆ ಬರಲು ಎರಡೂವರೆ, ಮೂರು ವರ್ಷ ಬೇಕು. ಗಬ್ಬದ ಒಂಬತ್ತು ತಿಂಗಳು ಸೇರಿಸಿ. ಹೋರಿ ಬಂದು ಮೂರು ವರ್ಷ ಆಗುತ್ತಿದ್ದಂತೆ ಮುಂದಿನ ಊರಿಗೆ ಕಳಿಸಿದರೆ ತನ್ನ ಮಗಳ ಮೇಲೆ ಹಾರುವ ಪ್ರಸಂಗವೇ ಬರುವುದಿಲ್ಲ. ಕರಿಯ ಕೆಟ್ಟ ಹೋರಿಯಲ್ಲ. ಅವನು ಬೇರೆ ಊರಿಗೆ ಹೊಸ ರಕ್ತ.

ತರುವ ಮೊದಲು ಬ್ರುಸೆಲ್ಲಾ ರಕ್ತಪರೀಕ್ಷೆ ಮಾಡಿಸಲೇಬೇಕು. ಇಲ್ಲದಿದ್ದರೆ ಹೋರಿಯ ಜತೆ ಗಬ್ಬ ಇಳಿಯುವ ರೋಗವೂ ಬರುತ್ತದೆ, ಅದು ಮನುಷ್ಯರಿಗೂ ಅಂಟುತ್ತದೆ. ಕಾಲುಬಾಯಿ ಲಸಿಕೆ, ಚರ್ಮಗಂಟು ಲಸಿಕೆ ಆಗಿರಲಿ. 2022ರಲ್ಲಿ ಚರ್ಮಗಂಟು ಬಂದಾಗ ಪಟ್ಟ ಪಾಡು ನೆನಪಿರಬಹುದು. ಉಣುಗಿನ ಔಷಧಿ ಹಚ್ಚಿ ಎರಡು ಮೂರು ವಾರ ಬೇರೆ ಕಟ್ಟಿ. ಸಾಗಿಸುವಾಗ ಪಶುವೈದ್ಯರ ಪತ್ರ, ಅನುಮತಿ ಕಾಗದ ಗಾಡಿಯಲ್ಲೇ ಇರಲಿ.

ಜತೆಗೆ ಒಂದು ನೋಟ್‌ಬುಕ್. ಕಿವಿಯೋಲೆಯ 12 ಅಂಕಿ, ತಾಯಿ ಯಾರು, ತಂದೆ ಯಾರು. ಇಷ್ಟೇ ಸಾಕು.

---

ಕರಾವಳಿ_ಅಕ್ಕ

ನೋಟ್‌ಬುಕ್ ನಾನು ಇಡುತ್ತೇನೆ. ಸ್ವಸಹಾಯ ಸಂಘದ ಲೆಕ್ಕ ಹತ್ತು ವರ್ಷದಿಂದ ಬರೆಯುತ್ತಿದ್ದೇನೆ, ದನದ ಲೆಕ್ಕ ಏನು ದೊಡ್ಡದು. ಆದರೆ ಹೋರಿಯ ಹುಲ್ಲಿನ ಖರ್ಚು ಹಸು ಇರುವ ಎಲ್ಲ ಮನೆಯವರೂ ಹಂಚಿಕೊಳ್ಳಬೇಕು. ಬರಿ ಹೋರಿ ಕಟ್ಟಿದ ಮನೆಯ ಹೆಂಗಸಿನ ತಲೆಗೆ ಬೇಡ. ಸರದಿಯಲ್ಲಿ ತಿಂಗಳಿಗೊಂದು ಮನೆ.

---

ಬೇಣದ_ಹುಲ್ಲು

ಅಕ್ಕ ಹೇಳಿದ್ದನ್ನು ನಮ್ಮ ಊರಿನ ಕೂಟದಲ್ಲಿ ಇಟ್ಟೆ. ಹನ್ನೊಂದರಲ್ಲಿ ಎಂಟು ಮನೆ ಒಪ್ಪಿದವು. ಎರಡು ಮನೆ ‘ನಮ್ಮ ಹಸುಗೆ ಇಂಜೆಕ್ಷನ್ನೇ ಸಾಕು’ ಅಂದರು. ಒಬ್ಬರು ಮಾತೇ ಆಡಲಿಲ್ಲ.

ದೊಡ್ಡಮ್ಮ ಮಾತ್ರ ಕರಿಯನನ್ನು ಕಳಿಸುವುದಿಲ್ಲ ಅಂತ ಎದ್ದು ಒಳಗೆ ಹೋದರು. ಆಮೇಲೆ ರಾತ್ರಿ ಊಟ ಬಡಿಸುವಾಗ ಕೇಳಿದರು, ‘ಆ ಕೊಪ್ಪದವರ ಕೊಟ್ಟಿಗೆಗೆ ಮಾಡು ಸರಿ ಇದೆಯಾ? ಅವನಿಗೆ ಮಳೆ ನೀರು ತಲೆ ಮೇಲೆ ಬಿದ್ದರೆ ಆಗುವುದಿಲ್ಲ’ ಅಂತ.

---

ಕೊಪ್ಪದ_ಹುಡುಗ

ಸರಿ ಇದೆ ಅಂತ ಹೇಳಿ ಅಣ್ಣ. ಹೋದ ವರ್ಷವೇ ಹೆಂಚು ತಿರುಗಿಸಿದ್ದೇವೆ. ಫೋಟೋ ಕಳಿಸುತ್ತೇನೆ, ದೊಡ್ಡಮ್ಮನಿಗೆ ತೋರಿಸಿ. ನಮ್ಮ ಚಿಕ್ಕಪ್ಪನ ಹತ್ತಿರ ನಾಲ್ಕು ವರ್ಷದ ಕೆಂಚು ಹೋರಿ ಇದೆ, ಈ ಸೋಮವಾರ ರಕ್ತ ತೆಗೆಸುತ್ತೇವೆ. ಕುಂದಾಪುರಕ್ಕೆ ಅದು ಬರುತ್ತದೆ.

---

ಕರಾವಳಿ_ಅಕ್ಕ

ನಮ್ಮ ಕಡೆಯದ್ದು ಹಂಡ ಬಣ್ಣದ್ದು, ಮೂರು ವರ್ಷ. ಸ್ವಲ್ಪ ಹಾಯುತ್ತದೆ. ಬೆಲ್ಲ ತೋರಿಸಿದರೆ ಹಿಂದೆ ಬರುತ್ತದೆ. ಹೊಸನಗರಕ್ಕೆ ಘಾಟಿ ಹತ್ತಿಸಬೇಕಲ್ಲ, ಗಾಡಿಗೆ ಒಣಹುಲ್ಲು ದಪ್ಪಕ್ಕೆ ಹಾಸಿ. ಬೆಳಗಿನ ಜಾವವೇ ಹೊರಡಿ, ಬಿಸಿಲಿಗೆ ಸಿಗುವುದು ಬೇಡ.

---

ಕಪಿಲೆ_ಮನೆ

ಈ ಸುತ್ತಿಗೆ ಇನ್ನೊಂದು ಊರು ಸೇರಬಹುದಾ? ನನ್ನ ಹೋರಿಯನ್ನೂ ಕೊಡುತ್ತೇನೆ. ಬದಲಿಗೆ ಬರುವುದು ಯಾವ ಬಣ್ಣವಾದರೂ ಸರಿ.